ಎತ್ತಿಗೆ ಸೋಮವಾರ, ನಮಗೆ ಯಾವ ವಾರ?

ನಮ್ಮ ನಾಡಿನ ಬಹಳಷ್ಟು ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಏರುವುದಿಲ್ಲ. ಅದು ಬಸವಣ್ಣನ ವಾರ. ಹದವಾದ ಮಳೆ ಬಿದ್ದು ಬಿತ್ತನೆಯ ಅವಸರವಿದ್ದರೂ ಅಂದು ನೇಗಿಲು ಹೂಡಿದವನನ್ನು ಊರು ಒಂದು ಥರ ನೋಡುತ್ತದೆ. ತುಳುನಾಡಿನಲ್ಲಿ ನೆಲಕ್ಕೇ ರಜೆಯುಂಟು. ಫೆಬ್ರವರಿ ಹೊತ್ತಿಗೆ ಬರುವ ಕೆಡ್ಡಸದ ಮೂರು ದಿನ ಭೂಮಿ ಅಗೆಯುವಂತಿಲ್ಲ, ಉಳುವಂತಿಲ್ಲ, ಹಸಿ ಗಿಡ ಕಡಿಯುವಂತಿಲ್ಲ. ಭೂಮಿತಾಯಿ ಮುಟ್ಟಾಗಿದ್ದಾಳೆ, ಅವಳನ್ನು ಅವಳ ಪಾಡಿಗೆ ಬಿಡಬೇಕು ಎಂಬ ನಂಬಿಕೆ.

ಎತ್ತಿಗೂ ನೆಲಕ್ಕೂ ಬಿಡುವು ಗೊತ್ತುಮಾಡಿದ ಅದೇ ಮನೆಗಳಲ್ಲಿ ಒಲೆ ಹಚ್ಚುವವಳಿಗೆ ಯಾವ ವಾರವೂ ಗೊತ್ತಾಗಿರಲಿಲ್ಲ; ಆ ಮಾತಿಗೆ ಆಮೇಲೆ ಬರೋಣ. ಕಟ್ಟಳೆಯಲ್ಲಿರುವ ಜಾಣತನವನ್ನು ಮೊದಲು ನೋಡಿ. ಎತ್ತು ದಣಿದಿದೆಯೇ ಎಂದು ಯಾರೂ ವಿಚಾರಿಸುವುದಿಲ್ಲ. ಕೆಲಸ ಮುಗಿದಿದೆಯೇ ಎಂದೂ ಕೇಳುವುದಿಲ್ಲ. ವಾರ ಬಂತು, ನೊಗ ಇಳಿಯಿತು. ನಮ್ಮ ವಿಶ್ರಾಂತಿ ಮಾತ್ರ "ಇದೊಂದು ಮುಗೀಲಿ" ಎಂಬಲ್ಲೇ ನಿಂತುಬಿಟ್ಟಿದೆ. ಮಗನ ಪರೀಕ್ಷೆ ಮುಗೀಲಿ, ಆಫೀಸಿನ ಆಡಿಟ್ ಮುಗೀಲಿ, ನಾದಿನಿ ಮದುವೆ ಮುಗೀಲಿ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ಬಿಡುವಿನ ಬಗ್ಗೆ ಸಲಹೆ ಕೊಡುವವರು ಸಾಮಾನ್ಯವಾಗಿ ಎಲ್ಲ ಭಾರವನ್ನೂ ದಣಿದವರ ತಲೆಯ ಮೇಲೇ ಹೇರುತ್ತಾರೆ. ಬೆಳಿಗ್ಗೆ ಐದಕ್ಕೆ ಏಳಿ, ಧ್ಯಾನ ಮಾಡಿ, ಡೈರಿ ಬರೆಯಿರಿ. ಆಗಲೇ ಐದಕ್ಕೆ ಎದ್ದು ಮೂರು ಊಟದ ಡಬ್ಬಿ ಕಟ್ಟುತ್ತಿರುವವರಿಗೆ ಇದನ್ನು ಹೇಳುವುದು ಉಪದೇಶವಲ್ಲ, ಕುಹಕ. ನಾನು ಕಂಡಂತೆ ಒಬ್ಬರೇ ಮನಸ್ಸು ಗಟ್ಟಿ ಮಾಡಿ ಗಿಟ್ಟಿಸಿದ ಬಿಡುವು ಎರಡು ವಾರ ಬಾಳುವುದಿಲ್ಲ. ಮನೆಯವರಿಗೂ ಆಫೀಸಿನವರಿಗೂ ಮೊದಲೇ ಗೊತ್ತಿರುವ, ಆ ಹೊತ್ತಿಗೆ ನಿಮ್ಮ ಕೆಲಸ ಯಾರ ಕೈಗೆ ಹೋಗುತ್ತದೆ ಎಂದು ತೀರ್ಮಾನವಾಗಿರುವ ಬಿಡುವು ಮಾತ್ರ ಉಳಿಯುತ್ತದೆ.

ಭಾನುವಾರದ ರಜೆಯೂ ತಾನಾಗಿ ಬಂದದ್ದಲ್ಲ. ಮುಂಬೈಯ ಬಟ್ಟೆ ಗಿರಣಿಗಳ ಕೂಲಿಗಳಿಗೆ ವಾರಕ್ಕೊಂದು ದಿನ ಬಿಡುವು ಬೇಕೆಂದು ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದರು. ಗಿರಣಿ ಮಾಲೀಕರು ಒಪ್ಪಿದ್ದು 1890ರ ಜೂನ್ 10ರಂದು. ಮನೆಯೊಳಗಿನ ಕೆಲಸಕ್ಕೆ ಅಂಥ ಒಪ್ಪಂದ ಇನ್ನೂ ಆಗಿಲ್ಲ. ಅದನ್ನು ನಾವು ನಾವೇ ಮಾಡಿಕೊಳ್ಳಬೇಕು.

ಮೊದಲು ಲೆಕ್ಕ

ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಎರಡು ಸಲ ಇಡೀ ದೇಶದಲ್ಲಿ ನಡೆದಿದೆ. 2019ರ ಲೆಕ್ಕದಲ್ಲಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕಾಗಿ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು. ತೊಡಗುವ ಗಂಡಸರು 97 ನಿಮಿಷ. 2024ರ ಲೆಕ್ಕದಲ್ಲಿ ಅದು 289 ಮತ್ತು 88. ಹೆಂಗಸರ ಹೊರೆ ಹತ್ತು ನಿಮಿಷ ಇಳಿಯಿತಲ್ಲ ಎಂದು ಸಮಾಧಾನಪಡುವ ಮೊದಲು ಕಳೆದು ನೋಡಿ. ಇಬ್ಬರ ನಡುವಿನ ಅಂತರ 202 ನಿಮಿಷ ಇದ್ದದ್ದು 201 ಆಗಿದೆ. ಐದು ವರ್ಷಕ್ಕೆ ಒಂದು ನಿಮಿಷ.

ನಿಮ್ಮ ಮನೆಯ ಲೆಕ್ಕ ಇದಕ್ಕಿಂತ ಚೆನ್ನಾಗಿರಬಹುದು, ಕೆಟ್ಟದಾಗಿಯೂ ಇರಬಹುದು. ಬಾಯಿಮಾತಿನಲ್ಲಿ ಇದು ತೀರ್ಮಾನವಾಗುವುದಿಲ್ಲ, ಏಕೆಂದರೆ ಮನೆಯಲ್ಲಿರುವ ಎಲ್ಲರಿಗೂ ತಾನೇ ಹೆಚ್ಚು ದುಡಿಯುತ್ತೇನೆ ಎಂದು ಪ್ರಾಮಾಣಿಕವಾಗಿಯೇ ಅನ್ನಿಸುತ್ತದೆ. ಹಾಲಿನ ಲೆಕ್ಕ ಬರೆಯುವಂಥ ಒಂದು ಸಣ್ಣ ಪುಸ್ತಕ ತೆಗೆದುಕೊಳ್ಳಿ. ಎರಡು ಕೆಲಸದ ದಿನ, ಒಂದು ಭಾನುವಾರ, ಮೂರೇ ದಿನ ಸಾಕು. ಏನು ಮಾಡಿದೆ, ಎಷ್ಟು ಹೊತ್ತು ಹಿಡಿಯಿತು, ಬೇರೆ ಯಾರಾದರೂ ಮಾಡಬಹುದಿತ್ತೇ ಎಂದು ಬರೆದಿಡಿ. ಗಂಡ ಹೆಂಡತಿ ಇಬ್ಬರೂ ಬರೆಯಬೇಕು, ಒಬ್ಬರದನ್ನು ಒಬ್ಬರು ಮೂರನೇ ದಿನದವರೆಗೆ ನೋಡಬಾರದು.

ಇನ್ನೊಂದು ಪುಟವನ್ನು ನೆನಪಿಟ್ಟುಕೊಳ್ಳುವ ಕೆಲಸಗಳಿಗೆ ಬಿಡಿ. ಗ್ಯಾಸ್ ಬುಕ್ ಮಾಡಬೇಕು. ಅತ್ತೆಯ ಬಿ.ಪಿ. ಮಾತ್ರೆ ಮೂರು ದಿನಕ್ಕಷ್ಟೇ ಇದೆ. ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ನಾಳೆ ಹಳದಿ ಅಂಗಿ ಹಾಕಿ ಕಳಿಸಿ ಎಂದಿದ್ದಾರೆ. ಇವು ಗಡಿಯಾರದಲ್ಲಿ ಕಾಣುವುದಿಲ್ಲ, ಒಂದೊಂದಕ್ಕೂ ಅರ್ಧ ನಿಮಿಷ ಹಿಡಿಯುವುದಿಲ್ಲ. ಆದರೆ ಕೈಕಾಲು ಸುಮ್ಮನಿದ್ದಾಗಲೂ ತಲೆ ಸುಮ್ಮನಿರದಂತೆ ಮಾಡುವುದು ಇವೇ. ಸಂಜೆ ಸೋಫಾದ ಮೇಲೆ ಒಂದು ಗಂಟೆ ಕೂತೆದ್ದರೂ ದಣಿವು ಇಳಿಯಲಿಲ್ಲ ಅನ್ನಿಸಿದರೆ ಈ ಪುಟ ತೆಗೆದು ನೋಡಿ.

"ನಾಳೆ ತಿಂಡಿ ಏನು?"

ರಾತ್ರಿ ಪಾತ್ರೆ ತೊಳೆದು ದೀಪ ಆರಿಸುವ ಹೊತ್ತಿಗೆ ಬರುವ ಈ ಪ್ರಶ್ನೆಯಿಂದಲೇ ಶುರು ಮಾಡುವುದು ಒಳ್ಳೆಯದು. ತಿಂಡಿ ಮಾಡುವುದಕ್ಕಿಂತ ಏನು ಮಾಡುವುದೆಂದು ಯೋಚಿಸುವುದರಲ್ಲೇ ಹೆಚ್ಚು ಸುಸ್ತು.

ಶಿಕ್ಷಕಿಯೊಬ್ಬರ ಮನೆಯಲ್ಲಿ ನೋಡಿದ್ದನ್ನು ಹೇಳುತ್ತೇನೆ. ಫ್ರಿಜ್ಜಿನ ಬಾಗಿಲಿಗೆ ಪಾಠದ ನೋಟ್ಸಿನಿಂದ ಹರಿದ ಒಂದು ಹಾಳೆ ಅಂಟಿಸಿದ್ದಾರೆ. ಸೋಮವಾರ ಉಪ್ಪಿಟ್ಟು, ಮಂಗಳವಾರ ಇಡ್ಲಿ, ಬುಧವಾರ ಅದೇ ಹಿಟ್ಟಿನ ದೋಸೆ, ಗುರುವಾರ ಅವಲಕ್ಕಿ, ಶುಕ್ರವಾರ ಚಿತ್ರಾನ್ನ, ಶನಿವಾರ ಅಕ್ಕಿರೊಟ್ಟಿ, ಭಾನುವಾರ "ಯಾರಾದರೂ". ಸೋಮವಾರದ ಪಕ್ಕದಲ್ಲಿ ಮಗಳು ಅಳುವ ಮುಖ ಬರೆದಿದ್ದಾಳೆ. ಹಾಳೆ ಮಾತ್ರ ಬದಲಾಗಿಲ್ಲ. ಉಪ್ಪಿಟ್ಟು ಬೇಡವಾದವರು ತಮಗೆ ಬೇಕಾದ್ದನ್ನು ತಾವೇ ಮಾಡಿಕೊಳ್ಳಬಹುದು ಎಂಬುದು ಅಲ್ಲಿನ ನಿಯಮ. ಇದುವರೆಗೆ ಬ್ರೆಡ್ಡಿಗೆ ಜಾಮ್ ಸವರಿಕೊಂಡದ್ದು ಬಿಟ್ಟರೆ ಯಾರೂ ಮುಂದುವರಿದಿಲ್ಲವಂತೆ.

ಆ ಹಾಳೆಯಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಮಂಗಳವಾರದ ಎದುರಿದ್ದ ಗಂಡನ ಹೆಸರು. ಇಡ್ಲಿ ಅವರದು. ಅಂದರೆ ಮಂಗಳವಾರ ಬೆಳಿಗ್ಗೆ ಕುಕ್ಕರ್ ಇಡುವುದಷ್ಟೇ ಅಲ್ಲ. ಸೋಮವಾರ ಆಫೀಸಿಗೆ ಹೊರಡುವ ಮೊದಲು ಅಕ್ಕಿ ಉದ್ದು ನೆನೆಹಾಕುವುದು, ಸಂಜೆ ರುಬ್ಬುವುದು, ಚಳಿಗಾಲದಲ್ಲಿ ಹಿಟ್ಟು ಹುಳಿ ಬರಲೆಂದು ಬೆಚ್ಚಗಿನ ಮೂಲೆಯಲ್ಲಿಡುವುದು, ಉದ್ದು ಮುಗಿಯುತ್ತ ಬಂದರೆ ಅಂಗಡಿಯಿಂದ ತರುವುದು, ಕೊನೆಗೆ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಅಂಟಿದ ಹಿಟ್ಟನ್ನು ಉಜ್ಜಿ ತೊಳೆಯುವುದು, ಎಲ್ಲವೂ. ಬಹಳ ಮನೆಗಳಲ್ಲಿ ಗಂಡಸರು ಒಳ್ಳೆಯ ಮನಸ್ಸಿನಿಂದಲೇ "ನಾನೇನು ಮಾಡ್ಲಿ ಹೇಳು, ಹೆಲ್ಪ್ ಮಾಡ್ತೀನಿ" ಎನ್ನುತ್ತಾರೆ. ಹೇಳುವುದೇ ಒಂದು ಕೆಲಸ ಎಂಬುದು ಅವರಿಗೆ ಹೊಳೆದಿರುವುದಿಲ್ಲ. ತುಂಡು ಕೆಲಸ ಕೊಡಬೇಡಿ, ಇಡೀ ಕೆಲಸ ದಾಟಿಸಿ.

ಹೀಗೆ ಪೂರ್ತಿಯಾಗಿ ದಾಟಿಸಲು ಬರುವ ಕೆಲಸಗಳು ಬೇಕಾದಷ್ಟಿವೆ: ಕರೆಂಟು, ನೀರು, ಇಂಟರ್ನೆಟ್ ಬಿಲ್ಲು, ಹಾಲು ಮತ್ತು ಪೇಪರಿನ ಲೆಕ್ಕ, ಹಿರಿಯರ ಮಾತ್ರೆ ಡಬ್ಬಿ ತುಂಬುವುದು, ಅವರನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಶಾಲೆಯ ವಾಟ್ಸಾಪ್ ಗುಂಪು. ಕೊನೆಯದನ್ನು ಒಂದು ತಿಂಗಳು ಅಪ್ಪಂದಿರ ಮೊಬೈಲಿಗೆ ವರ್ಗಾಯಿಸಿ ನೋಡಿ. ಹತ್ತು ವರ್ಷ ದಾಟಿದ ಮಕ್ಕಳು ತಮ್ಮ ತಟ್ಟೆ ತೊಳೆದು, ಬಟ್ಟೆ ಮಡಿಸಿಟ್ಟು, ರಾತ್ರಿಯೇ ಬ್ಯಾಗು ಜೋಡಿಸಿಕೊಳ್ಳಬಲ್ಲರು. ಗಂಡು ಮಕ್ಕಳೂ.

ದಾಟಿಸಿದ ಮೇಲೆ ಒಂದು ಕಷ್ಟವಿದೆ. ಮೊದಲ ವಾರಗಳಲ್ಲಿ ಇಡ್ಲಿ ಗಟ್ಟಿಯಾಗುತ್ತದೆ, ಚಟ್ನಿಗೆ ಉಪ್ಪು ಜಾಸ್ತಿಯಾಗುತ್ತದೆ, ಬಿಲ್ಲು ಕಟ್ಟುವ ಕೊನೆಯ ದಿನ ಮೀರುತ್ತದೆ. ಆಗ ನಡುವೆ ಬಾಯಿ ಹಾಕಿ "ಬಿಡಿ, ನಾನೇ ಮಾಡ್ತೀನಿ" ಎಂದರೆ ಆ ಕೆಲಸ ಜನ್ಮದಲ್ಲಿ ನಿಮ್ಮ ಕೈ ಬಿಟ್ಟು ಹೋಗುವುದಿಲ್ಲ. ತಿನ್ನಿ, ಸುಮ್ಮನಿರಿ.

ವಾರಕ್ಕೊಂದು ರಾತ್ರಿ ಒಲೆ ಹಚ್ಚದಿರುವ ಪದ್ಧತಿಯನ್ನೂ ಇಟ್ಟುಕೊಳ್ಳಬಹುದು. ಇದಕ್ಕೆ ಹೋಟೆಲಿನ ಪಾರ್ಸೆಲ್ಲೇ ಆಗಬೇಕೆಂದಿಲ್ಲ. ಉತ್ತರ ಕರ್ನಾಟಕದವರ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಒಂದು ಹಸಿ ಈರುಳ್ಳಿ ಸಾಕು. ರೊಟ್ಟಿ ಕೇಂದ್ರಗಳು ಈಗ ಬಹಳ ಊರುಗಳಲ್ಲಿವೆ. ದಕ್ಷಿಣದವರಿಗೆ ಮಧ್ಯಾಹ್ನದ ಅನ್ನಕ್ಕೆ ಮೊಸರು, ಉಪ್ಪಿನಕಾಯಿ. ಉಳಿಯುವುದು ಒಂದೂವರೆ ಗಂಟೆಯಾದರೂ ಆ ಹೊತ್ತನ್ನು ಅಂದೇ ಬೇರೆ ಕೆಲಸಕ್ಕೆ ಕೊಡಬಾರದು. ಒಲೆ ಹಚ್ಚದ ದಿನವೇ ಅಲಮಾರು ಜೋಡಿಸಲು ಕೂರುವವರನ್ನು ನಾನು ಬಲ್ಲೆ.

ರಾತ್ರಿ ಹನ್ನೊಂದರ ಮೊಬೈಲು

ವಯಸ್ಕರಿಗೆ ರಾತ್ರಿ ಕನಿಷ್ಠ 7 ಗಂಟೆ ನಿದ್ದೆ ಬೇಕು ಎಂಬುದು ನಿದ್ರಾತಜ್ಞರ ಮಾತು. ಇದು ಎಲ್ಲರಿಗೂ ಗೊತ್ತಿದೆ. ಹಾಗಿದ್ದೂ ಎಲ್ಲರೂ ಮಲಗಿದ ಮೇಲೆ ಕತ್ತಲಲ್ಲಿ ರೀಲ್ಸ್ ನೋಡುತ್ತ ಹನ್ನೆರಡು ಮಾಡುವುದೇಕೆ? ಚಟ ಎಂದುಬಿಡುವುದು ಸುಲಭ. ಆದರೆ ಇಡೀ ದಿನದಲ್ಲಿ ಯಾರೂ ಕರೆಯದ, ಯಾರಿಗೂ ಉತ್ತರ ಕೊಡಬೇಕಿಲ್ಲದ ಹೊತ್ತು ಅದೊಂದೇ ಆಗಿರುತ್ತದೆ. ಅದನ್ನು ಬಿಟ್ಟುಕೊಡಲು ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ಮೊಬೈಲನ್ನು ಬೈಯುವುದರಿಂದ ಪ್ರಯೋಜನವಿಲ್ಲ. ಸಂಜೆ ಏಳರಿಂದ ಒಂಬತ್ತರ ನಡುವೆ ಅರ್ಧ ಗಂಟೆ ನಿಮ್ಮದೇ ಆಗಿ ಸಿಕ್ಕರೆ ರಾತ್ರಿಯ ಆ ಕಳ್ಳ ಗಂಟೆಯ ಹಸಿವು ತಾನೇ ಕಡಿಮೆಯಾಗುತ್ತದೆ. ಆ ಅರ್ಧ ಗಂಟೆ ಮಕ್ಕಳ ಹೋಂವರ್ಕು ಯಾರು ನೋಡುತ್ತಾರೆ ಎಂಬುದು ಫ್ರಿಜ್ಜಿನ ಹಾಳೆಯಲ್ಲಿರಲಿ.

ಉಳಿದ ಉಪಾಯಗಳು ಸರಳ. ಚಾರ್ಜರನ್ನು ಮಲಗುವ ಕೋಣೆಯಿಂದ ಹಾಲಿಗೆ ಸಾಗಿಸಿ. ಅಲಾರಂಗೆ ಒಂದು ಟೈಂಪೀಸ್ ಕೊಳ್ಳಿ. ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಗಟ್ಟಿ ಮಾಡಿಕೊಳ್ಳಿ, ಭಾನುವಾರವೂ ಒಂದು ಗಂಟೆಗಿಂತ ಹೆಚ್ಚು ಆಚೀಚೆ ಮಾಡಬೇಡಿ. ಭಾನುವಾರ ಹತ್ತರ ತನಕ ಮಲಗಿದರೆ ಅಂದು ರಾತ್ರಿ ನಿದ್ದೆ ಬಾರದೆ ಸೋಮವಾರ ಕೆಡುತ್ತದೆ.

ಕಾಫಿಯ ವಿಷಯಕ್ಕೆ ಬಂದರೆ ನಾವು ಹಟಮಾರಿಗಳು. "ನಂಗೆ ರಾತ್ರಿ ಕಾಫಿ ಕುಡಿದ್ರೂ ನಿದ್ದೆ ಬರುತ್ತೆ" ಎಂದು ಹೇಳುವವರು ಪ್ರತಿ ಮನೆಯಲ್ಲೂ ಒಬ್ಬರಿದ್ದಾರೆ. ದೇಹಕ್ಕೆ ಹೋದ ಕೆಫೀನ್ ಅರ್ಧಕ್ಕಿಳಿಯಲು ಸಾಮಾನ್ಯವಾಗಿ 5 ಗಂಟೆಯಷ್ಟು ಬೇಕು. ಸಂಜೆ ಆರರ ಸ್ಟ್ರಾಂಗ್ ಫಿಲ್ಟರ್ ಕಾಫಿಯ ಅರ್ಧ ಭಾಗ ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿ ಓಡಾಡುತ್ತಿರುತ್ತದೆ. ನಿದ್ದೆ ಬಂದರೂ ಅದು ಆಳಕ್ಕಿಳಿಯುವುದಿಲ್ಲ. ಕೊನೆಯ ಲೋಟವನ್ನು ಮಧ್ಯಾಹ್ನ ಮೂರಕ್ಕೆ ಮುಗಿಸಿ, ಸಂಜೆಗೆ ಕಷಾಯ ಇಟ್ಟುಕೊಳ್ಳುವುದು ಒಂದು ದಾರಿ. ಕೊತ್ತಂಬರಿ ಬೀಜ, ಜೀರಿಗೆಯ ಕಷಾಯಕ್ಕೆ ಹಾಲು ಬೆಲ್ಲ ಬಿದ್ದರೆ ಕಾಫಿಯನ್ನು ಮರೆಯದಿದ್ದರೂ ಕ್ಷಮಿಸಬಹುದು.

ಮಲಗುವ ಒಂದೆರಡು ಗಂಟೆ ಮೊದಲು ಬಿಸಿನೀರು ಹುಯ್ದುಕೊಂಡರೆ ನಿದ್ದೆ ಬೇಗ ಹತ್ತುತ್ತದೆ ಎಂದು ಸಂಶೋಧನೆಗಳು ಹೇಳಿವೆ. ಸ್ನಾನವಾದ ಮೇಲೆ ಚರ್ಮದ ಮೂಲಕ ಶಾಖ ಹೊರಹೋಗಿ ದೇಹ ತಂಪಾಗುವುದು ನಿದ್ದೆಗೆ ಕರೆಕೊಟ್ಟಂತೆ. ಎಣ್ಣೆಸ್ನಾನ ಮಾಡಿ ಬಂದವರು ಊಟವಾದೊಡನೆ ಕಂಬಳಿ ಹೊದ್ದು ಮಲಗಿಬಿಡುತ್ತಿದ್ದುದನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಮಾತ್ರ ಉಳಿದಿರುವ ಆ ಎಣ್ಣೆಸ್ನಾನವನ್ನು ತಿಂಗಳಿಗೊಮ್ಮೆಯಾದರೂ ವಾಪಸು ತರಬಹುದು. ಇನ್ನೊಬ್ಬರು ನೆತ್ತಿಗೆ ಎಣ್ಣೆ ತಟ್ಟಬೇಕೆಂಬುದೇ ಅದರ ಅರ್ಧ ಸುಖ. ಹಚ್ಚಿದ ಎಣ್ಣೆ ತೆಗೆಯುವಾಗ ಬಚ್ಚಲ ಕಲ್ಲು ಜಾರುತ್ತದೆ, ವಯಸ್ಸಾದವರು ಹುಷಾರು.

ರಾತ್ರಿ ಪಾಳಿಯವರ ಕಥೆ ಬೇರೆ. ನರ್ಸುಗಳು, ಕಾಲ್ ಸೆಂಟರಿನವರು, ಬಸ್ಸು ಲಾರಿ ಓಡಿಸುವವರು ಹಗಲು ಮಲಗಬೇಕು. ಅದೇ ಹೊತ್ತಿಗೆ ಮನೆ ಎದ್ದಿರುತ್ತದೆ. ದಪ್ಪ ಪರದೆ, ಕಿವಿಗೆ ಹತ್ತಿ ಇವೆಲ್ಲ ಸರಿ, ಆದರೆ ಮುಖ್ಯವಾಗಿ ಬೇಕಾದ್ದು ಮನೆಯವರ ಮರ್ಯಾದೆ. ಹಗಲು ಹನ್ನೊಂದಕ್ಕೆ ಮಲಗಿರುವ ಸೊಸೆಯನ್ನು ಕೊರಿಯರ್ ತೆಗೆದುಕೊಳ್ಳಲು ಎಬ್ಬಿಸುವುದೂ, ರಾತ್ರಿ ಎರಡಕ್ಕೆ ಮಾವನನ್ನು ಅದೇ ಕೆಲಸಕ್ಕೆ ಎಬ್ಬಿಸುವುದೂ ಒಂದೇ. ಆ ಹೊತ್ತಿಗೆ ಕಾಲಿಂಗ್ ಬೆಲ್ಲಿನ ಸ್ವಿಚ್ ಆರಿಸಿ. ಪಾಳಿ ಮುಗಿಸಿ ದ್ವಿಚಕ್ರ ವಾಹನದಲ್ಲಿ ಹೊರಡುವವರು ಕಣ್ಣು ಎಳೆಯುತ್ತಿದ್ದರೆ ಅಲ್ಲೇ ಇಪ್ಪತ್ತು ನಿಮಿಷ ಒರಗಿ ಎದ್ದು ಹೊರಡಿ. ಮನೆಗೆ ತಡವಾಗಿ ಬಂದರೆ ನಷ್ಟವೇನೂ ಇಲ್ಲ.

ಇಪ್ಪತ್ತು ನಿಮಿಷದ ಜೊಂಪು

ಊಟದ ಮೇಲೆ ಮಂಪರು ಬರುವುದು ಸೋಮಾರಿತನದಿಂದಲ್ಲ, ಮುದ್ದೆ ತಿಂದದ್ದರಿಂದಷ್ಟೇ ಅಲ್ಲ. ದೇಹದ ಒಳಗಡಿಯಾರವೇ ಮಧ್ಯಾಹ್ನ ಒಮ್ಮೆ ನಮ್ಮ ಎಚ್ಚರವನ್ನು ಸ್ವಲ್ಪ ತಗ್ಗಿಸುತ್ತದೆ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ದೂರದ ವಿಮಾನಗಳ ಪೈಲಟ್‌ಗಳ ಮೇಲೆ ಒಂದು ಅಧ್ಯಯನ ಮಾಡಿತ್ತು. ಹಾರಾಟದ ನಡುವೆ ಸರದಿಯ ಪ್ರಕಾರ ಒಬ್ಬೊಬ್ಬರಿಗೆ 40 ನಿಮಿಷ ಕೂತಲ್ಲೇ ನಿದ್ದೆ ಮಾಡಲು ಬಿಟ್ಟರು. ಸರಾಸರಿ 26 ನಿಮಿಷ ನಿದ್ದೆ ಮಾಡಿದರು. ವಿಮಾನ ಇಳಿಯುವ ಹೊತ್ತಿಗೆ, ಮಲಗದವರಿಗಿಂತ ಅವರು ಹೆಚ್ಚು ಎಚ್ಚರವಾಗಿದ್ದರು. ಇದನ್ನು ಎಲ್ಲರೂ ಜೊಂಪಿನ ಮಹಿಮೆ ಹೇಳಲು ಬಳಸುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಸರದಿ. ಒಬ್ಬ ಮಲಗಿದಾಗ ವಿಮಾನ ಇನ್ನಿಬ್ಬರ ಕೈಯಲ್ಲಿತ್ತು, ಅದಕ್ಕೇ ಅವನಿಗೆ ನಿದ್ದೆ ಬಂತು.

ಮನೆಯಲ್ಲಿರುವವರು ಮಧ್ಯಾಹ್ನ ಮೂರರೊಳಗೆ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು ಚಾಪೆಯ ಮೇಲೆ ಮಲಗಲಿ. ಹೆಚ್ಚಾದರೆ ಗಾಢ ನಿದ್ದೆಗೆ ಜಾರಿ, ಎದ್ದ ಮೇಲೆ ಅರ್ಧ ಗಂಟೆ ತಲೆ ಭಾರವಾಗಿರುತ್ತದೆ. ನಿದ್ದೆ ಬಾರದಿದ್ದರೆ ಶವಾಸನದಲ್ಲಿ ಸುಮ್ಮನೆ ಬಿದ್ದಿದ್ದರೂ ನಡೆಯುತ್ತದೆ. ಆಫೀಸಿನಲ್ಲಿ ಮಲಗಲು ಜಾಗವಿಲ್ಲದವರು ಊಟದ ವಿರಾಮವನ್ನು ಪರದೆಯ ಮುಂದೆ ಕಳೆಯದೆ ಹೊರಗೆ ಹತ್ತು ನಿಮಿಷ ನಡೆದು ಬರಬಹುದು. ಮೆಟ್ರೋ ಅಥವಾ ಬಸ್ಸಿನಲ್ಲಿ ಸೀಟು ಸಿಕ್ಕಿದ ಭಾಗ್ಯವಂತರು ಆ ಹೊತ್ತನ್ನು ಆಫೀಸಿನ ಇ-ಮೇಲ್‌ಗೆ ಕೊಡಬೇಡಿ.

ಹಕ್ಕಿನ ರಜೆ

ರಜೆ ಕೇಳುವುದೆಂದರೆ ಸಾಲ ಕೇಳಿದಂತೆ ಕುಗ್ಗುವವರಿದ್ದಾರೆ. ಅಂಗಡಿ, ಕಚೇರಿ, ಐ.ಟಿ. ಕಂಪನಿಗಳಲ್ಲಿ ದುಡಿಯುವವರಿಗೆ ಅನ್ವಯಿಸುವ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ವಾರಕ್ಕೊಂದು ದಿನ ಬಿಡುವು, ಸತತ ದುಡಿತ 5 ಗಂಟೆ ಮೀರುವ ಮೊದಲೇ ವಿರಾಮ, 20 ದಿನದ ಕೆಲಸಕ್ಕೆ ಒಂದು ದಿನದಂತೆ ಸಂಬಳ ಸಹಿತ ರಜೆ ಇವನ್ನೆಲ್ಲ ಬರೆದಿಟ್ಟಿದೆ. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ದುಡಿಯುವ ಹೆಣ್ಣುಮಕ್ಕಳಿಗೆ ತಿಂಗಳಿಗೊಂದು ದಿನದ ಸಂಬಳ ಸಹಿತ ಮುಟ್ಟಿನ ರಜೆಯ ನೀತಿಗೂ ಒಪ್ಪಿಗೆ ಕೊಟ್ಟಿತು. ನಿಮ್ಮ ಕಚೇರಿಯಲ್ಲಿ ಯಾವುದು ಹೇಗೆ ಜಾರಿಯಲ್ಲಿದೆ ಎಂದು ಎಚ್.ಆರ್. ಅವರನ್ನು ಒಮ್ಮೆ ಕೇಳಿ ಬರೆದಿಟ್ಟುಕೊಳ್ಳಿ.

ಯುಗಾದಿಗೆ ಹೊಸ ಪಂಚಾಂಗ ತರುವಾಗಲೋ ಜನವರಿಯಲ್ಲಿ ಕ್ಯಾಲೆಂಡರ್ ತೂಗುಹಾಕುವಾಗಲೋ ವರ್ಷಕ್ಕೆ ನಾಲ್ಕು ದಿನ ಗುರುತು ಮಾಡಿ, ಅಂದೇ ಅರ್ಜಿ ಹಾಕಿಬಿಡಿ. ಅವು ಹಬ್ಬದ ದಿನಗಳಾಗಬಾರದು. ಹಬ್ಬದ ರಜೆ ನಮ್ಮಲ್ಲಿ ರಜೆಯೇ ಅಲ್ಲ. ಗೌರಿ ಗಣೇಶ ಮುಗಿಸಿ ಆಫೀಸಿಗೆ ಹೋಗಿ ಕೂತಾಗ ಉಸಿರು ಬಿಡುವ ಹೆಂಗಸರೆಷ್ಟು ಮಂದಿ! ಮಕ್ಕಳಿಗೆ ಶಾಲೆ ಇರುವ, ಗಂಡನಿಗೆ ಆಫೀಸಿರುವ ಒಂದು ಬುಧವಾರ ಒಬ್ಬರೇ ಮನೆಯಲ್ಲಿರಲು ರಜೆ ಹಾಕಿ. ಏನು ಕಾರಣ ಎಂದು ಕೇಳಿದರೆ "ಸ್ವಂತ ಕೆಲಸ" ಎನ್ನಿ.

ಆರೈಕೆ ಮಾಡುವವರ ಆರೈಕೆ

ಬಾಣಂತನದಲ್ಲಿ ನಮ್ಮ ಹಿರಿಯರು ಒಂದು ಒಳ್ಳೆಯ ಏರ್ಪಾಡು ಮಾಡಿದ್ದರು. ಹೆತ್ತವಳು ಇಂತಿಷ್ಟು ದಿನ ಒಲೆಯ ಹತ್ತಿರ ಬರಕೂಡದು, ಅವಳಿಗೆ ಎಣ್ಣೆ ನೀರು ಹಾಕುವವರು ಇಂಥವರು, ಮಗುವನ್ನು ಎತ್ತಿಕೊಳ್ಳುವವರು ಇಂಥವರು ಎಂದು ಎಲ್ಲ ಗೊತ್ತಾಗಿರುತ್ತಿತ್ತು. ನೀರು ಕುಡಿಯಬಾರದು ಎಂಬಂಥ ತಪ್ಪು ಪಥ್ಯಗಳನ್ನು ಬಿಟ್ಟು ಆ ಏರ್ಪಾಡನ್ನು ಮಾತ್ರ ನೋಡಿದರೆ ಅದು ಇನ್ನೂ ಬೇಕಾದ್ದೇ. ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವವರಿಗೆ ಮಾತ್ರ ಅಂಥದ್ದನ್ನು ಯಾರೂ ಕಟ್ಟಿಕೊಡಲಿಲ್ಲ. ಬಾಣಂತನಕ್ಕೆ ಕೊನೆಯ ದಿನ ಗೊತ್ತಿರುತ್ತದೆ, ಇದಕ್ಕೆ ಗೊತ್ತಿರುವುದಿಲ್ಲ.

ಮರೆವಿನ ಕಾಯಿಲೆಯ ಅಮ್ಮ, ಪಾರ್ಶ್ವವಾಯು ಬಡಿದ ಮಾವ ಸಾಮಾನ್ಯವಾಗಿ ಒಬ್ಬ ಮಗನ ಮನೆಯಲ್ಲಿರುತ್ತಾರೆ. ಉಳಿದವರು ಹಣ ಕಳಿಸುತ್ತಾರೆ, ಭಾನುವಾರ ವಿಡಿಯೋ ಕಾಲ್ ಮಾಡಿ "ಅಮ್ಮ ಸೊರಗಿದಾಳೆ" ಎನ್ನುತ್ತಾರೆ. ಅವರಿಂದ ಹಣದ ಜೊತೆ ದಿನಗಳನ್ನೂ ಕೇಳಿ. "ಅಣ್ಣಾ, ನೀನು ಕಳಿಸೋ ದುಡ್ಡು ಇರಲಿ. ಪ್ರತಿ ತಿಂಗಳ ಎರಡನೇ ಶನಿವಾರ ಭಾನುವಾರ ನೀನೇ ಬಂದು ಅಮ್ಮನ ಹತ್ರ ಇರು, ನಾವಿಬ್ರೂ ಊರಲ್ಲಿರಲ್ಲ" ಎಂದು ತಾರೀಕು ಸಮೇತ ಹೇಳಬೇಕು. "ಟೈಂ ಸಿಕ್ಕಾಗ ಬಾ" ಎಂದರೆ ಟೈಂ ಸಿಗುವುದಿಲ್ಲ. ವಿದೇಶದಲ್ಲಿರುವ ತಮ್ಮನಾದರೆ ಬರಲಾಗದ ದಿನಗಳ ಬದಲಿಗೆ ಹೋಂ ನರ್ಸಿನ ಖರ್ಚು ಅವನದು.

ಹೊರಗಿನ ಆಸರೆಯೂ ಉಂಟು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳು ಮರೆವಿನ ಕಾಯಿಲೆಯವರಿಗಾಗಿಯೇ ಆರೈಕೆ ಕೇಂದ್ರ ನಡೆಸುತ್ತವೆ. ಕ್ಯಾನ್ಸರಿನ ಕೊನೆಯ ಹಂತದಲ್ಲಿರುವವರಿಗೆ ಕರುಣಾಶ್ರಯ ಉಚಿತವಾಗಿ ಉಪಶಾಮಕ ಆರೈಕೆ ಕೊಡುತ್ತದೆ. ತಂದೆ ತಾಯಿಯನ್ನು ಅಂಥಲ್ಲಿಗೆ ಕರೆದೊಯ್ದರೆ ಜನ ಏನೆಂದುಕೊಂಡಾರು ಎಂಬ ಅಳುಕಿದ್ದವರು ಆ ಜನರನ್ನೇ ಎರಡು ರಾತ್ರಿ ಬಂದಿರಲು ಕರೆಯಬಹುದು.

ಮಲಗಿದರೂ ಇಳಿಯದ ದಣಿವು

ತಿಂಗಳುಗಟ್ಟಲೆ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಕೂದಲು ಉದುರುವುದು ಇದ್ದರೆ ಅದನ್ನು "ಕೆಲಸ ಜಾಸ್ತಿ" ಎಂದು ತಳ್ಳಿಹಾಕಬೇಡಿ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ 57 ಪ್ರತಿಶತ ಮಂದಿಗೆ ರಕ್ತಹೀನತೆ ಇತ್ತು. ಅದಕ್ಕೆ ಸ್ಪಾ ಮದ್ದಲ್ಲ. ವೈದ್ಯರನ್ನು ಕಂಡು ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಸಸ್ಯಾಹಾರಿಗಳಾದರೆ ಬಿ12 ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿ. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಂತಂತಾಗುವ ಗಂಡಸರು, ಹಗಲಲ್ಲಿ ಕೂತಲ್ಲೇ ತೂಕಡಿಸುವವರು, ನಿದ್ದೆಯಲ್ಲಿ ಉಸಿರುಗಟ್ಟುವ ತೊಂದರೆ ಇದೆಯೇ ಎಂದು ತೋರಿಸಿಕೊಳ್ಳಬೇಕು.

ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರೆ ಅದನ್ನು ಕಾಫಿ, ಟೀ, ಹಾಲಿನ ಜೊತೆ ನುಂಗಬೇಡಿ. ಊಟವಾದೊಡನೆ ಕಾಫಿ ಕುಡಿಯುವ ಅಭ್ಯಾಸವೂ ಸೊಪ್ಪು ಕಾಳಿನಲ್ಲಿರುವ ಕಬ್ಬಿಣವನ್ನು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ನಡುವೆ ಒಂದು ಗಂಟೆ ಬಿಡಿ. ಕೋಸಂಬರಿಗೆ ನಿಂಬೆಹಣ್ಣು ಹಿಂಡುವ ನಮ್ಮ ರೂಢಿ ಇಲ್ಲಿ ಉಪಕಾರಿ. ಅದರ ಸಿ ಜೀವಸತ್ವ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ.

ಎರಡು ವಾರ ದಾಟಿದರೂ ಬಿಡದ ಬೇಸರ, ಯಾವುದರಲ್ಲೂ ಮನಸ್ಸಿಲ್ಲದಿರುವುದು, ಬದುಕು ಸಾಕೆನ್ನಿಸುವುದು ಇದ್ದರೆ ಅದು ರಜೆಯಿಂದ ಹೋಗುವಂಥದ್ದಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಬರಲ್ಲ ಅನ್ನುವುದು

ನಮ್ಮ ಭಾನುವಾರಗಳನ್ನು ತಿನ್ನುವುದು ಆಫೀಸಿಗಿಂತ ಹೆಚ್ಚಾಗಿ ನಾಮಕರಣ, ಗೃಹಪ್ರವೇಶ, ಆರತಕ್ಷತೆಗಳು. ಹೋಗದಿದ್ದರೆ ಮುನಿಸು, ಹೋದರೆ ಸುಸ್ತು. ಮದುವೆಯಾದರೆ ಮುಹೂರ್ತ ಅಥವಾ ಆರತಕ್ಷತೆ, ಎರಡರಲ್ಲಿ ಒಂದು ಎಂದು ಮನೆಯಲ್ಲಿ ನಿಯಮ ಮಾಡಿಕೊಳ್ಳಿ. ದೂರದ ನೆಂಟರ ಮನೆಗೆ ದಂಪತಿಯಲ್ಲಿ ಒಬ್ಬರು ಹೋದರೆ ಸಾಕು. ತಿಂಗಳ ಒಂದು ಭಾನುವಾರ ಎಲ್ಲಿಗೂ ಇಲ್ಲ. ಕರೆಯಲು ಬಂದವರಿಗೆ ನೆಪ ಹೆಣೆಯಬೇಡಿ, ನೆಪ ಹೇಳಿದರೆ ಅದಕ್ಕೆ ಪರಿಹಾರ ಹುಡುಕಿಕೊಡುತ್ತಾರೆ. "ಅವತ್ತು ಬರಕ್ಕಾಗಲ್ಲ ಅತ್ತಿಗೆ, ಮುಂದಿನ ವಾರ ಪುರುಸೊತ್ತಾಗಿ ಬಂದು ನಿಮ್ಮ ಹೊಸ ಮನೆ ನೋಡ್ತೀವಿ" ಎಂದರೆ ಸಾಕು. ಆಮೇಲೆ ಹೋಗಿ. ಐನೂರು ಜನರ ನಡುವೆ ಕೈಮುಗಿದು ಬಂದದ್ದಕ್ಕಿಂತ ಆ ಮನೆಯವರಿಗೂ ಇದೇ ಖುಷಿ.

ಇವನ್ನೆಲ್ಲ ಮನೆಯಲ್ಲಿ ಎತ್ತುವುದಕ್ಕೂ ಒಂದು ಹೊತ್ತಿದೆ. ಭಾನುವಾರ ರಾತ್ರಿ ಸಿಂಕಿನ ತುಂಬ ಪಾತ್ರೆ ಬಿದ್ದಿರುವಾಗ ಶುರು ಮಾಡಿದರೆ ಅದು ಜಗಳವೇ ಆಗುತ್ತದೆ. ಶನಿವಾರ ಬೆಳಗಿನ ತಿಂಡಿಯಾದ ಮೇಲೆ, ಮೂರು ದಿನದ ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು, ಒಂದೇ ಒಂದು ಕೆಲಸ ದಾಟಿಸುವ ಮಾತಾಡಿ. ಅತ್ತೆಯವರನ್ನೂ ಕೂರಿಸಿಕೊಳ್ಳಿ, "ನಮ್ಮ ಕಾಲದಲ್ಲಿ ಇದೆಲ್ಲ ಇರ್ಲಿಲ್ಲ" ಎಂದು ಶುರು ಮಾಡುವವರು ಎಷ್ಟೋ ಸಲ ಮಾತು ಮುಗಿಯುವಷ್ಟರಲ್ಲಿ ತಮಗೂ ಒಂದು ವಾರ ಕೇಳುತ್ತಾರೆ. ಕೊಟ್ಟುಬಿಡಿ. ಜ್ವರವೋ ನೆಂಟರೋ ಬಂದು ಗೊತ್ತಾದ ವಾರ ತಪ್ಪಿದರೆ ಅದನ್ನು ಮುಂದಿನ ತಿಂಗಳಿಗೆ ದೂಡದೆ, ಅದೇ ವಾರದಲ್ಲಿ ಇನ್ನೊಂದು ಹೊತ್ತಿಗೆ ಹಾಕಿ, ಫ್ರಿಜ್ಜಿನ ಹಾಳೆಯಲ್ಲಿ ತಿದ್ದಿ ಬರೆಯಿರಿ.